ಗೋಡೆಬಳ್ಳಿಯ ಕಷಾಯ

ಕಣ್ಣಿನ ಆಪರೇಷನ್ ಮುಗಿಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಸೊಪ್ಪು ಸಾರ್ ಮತ್ತೆ ಕೆಲಸಕ್ಕೆ ಬಂದ ಬೆಳಿಗ್ಗೆ ಯಾಕಮ್ಮ ಪ್ರಯೋಗಾಲಯದ ಬಾಗಿಲಲ್ಲೇ ನಿಂತಿದ್ದಳು. ಕಣ್ಣು ಹೇಗಿದೆ ಸಾರ್ ಎಂದು ಕೇಳಲಿಲ್ಲ. ಪೆನ್ನಿನ ಮುಚ್ಚಳವನ್ನು ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು ಮಾಡುತ್ತಿದ್ದಳು.

"ಒಳಗೆ ಬನ್ನಿ ಸಾರ್. ಕೂತ್ಕೊಂಡು ಕೇಳಿ," ಎಂದಳು.

ಸೊಪ್ಪು ಸಾರ್, ಯಾಕಮ್ಮ, ಈ ಎರಡೂ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಎಲೆ, ತೊಗಟೆ, ಬೇರು ಎಂದು ಸಿಕ್ಕಿದ್ದನ್ನೆಲ್ಲ ಅರೆದು ಸೋಸಿ, ಅದರೊಳಗೆ ಊತ ಇಳಿಸುವ ಗುಣ ಏನಾದರೂ ಇದೆಯೇ ಎಂದು ಹುಡುಕುವುದರಲ್ಲೇ ಸಾರ್ ತಲೆಗೂದಲು ಬೆಳ್ಳಗೆ ಮಾಡಿಕೊಂಡಿದ್ದರು. ಅದಕ್ಕೇ ಸೊಪ್ಪು ಸಾರ್. ಊಟದ ಹೊತ್ತಿನಲ್ಲಿ ಆ ಹೆಸರು ಕೂಗಬೇಡಿ, ಹೊಸಬರು ತಟ್ಟೆ ಹಿಡ್ಕೊಂಡು ಬಂದ್ಬಿಡ್ತಾರೆ ಎಂದು ಸಂಸ್ಥೆಯ ಡ್ರೈವರ್ ತಮಾಷೆ ಮಾಡುತ್ತಿದ್ದ. ಯಾಕಮ್ಮ ಅವರ ಕೈಕೆಳಗಿನ ಕಿರಿಯ ವಿಜ್ಞಾನಿ. ಯಾರು ಏನು ಹೇಳಿದರೂ ಮೊದಲು 'ಯಾಕೆ?' ಅನ್ನುವವಳು. ಬೆಳಗಾಯಿತು ಅಂದರೂ ಯಾಕೆ ಅಂತ ಕೇಳುತ್ತಾಳೆ ಎಂದು ಸಾರ್ ಅವರೇ ಆ ಹೆಸರು ಇಟ್ಟಿದ್ದರು.

ಗೋಡೆಬಳ್ಳಿ ಅಂದರೆ ಹಳೆಯ ಕಟ್ಟಡಗಳ ಬಿರುಕಿನಲ್ಲಿ ತಾನಾಗಿ ಹುಟ್ಟಿ ಹಬ್ಬುವ ಬಳ್ಳಿ. ಅದನ್ನು ಯಾರೂ ನೆಡುವುದಿಲ್ಲ, ಯಾರೂ ನೀರು ಹಾಕುವುದಿಲ್ಲ. ಅದರ ಎಲೆಯಿಂದ ಸಾರ್ ಒಂದು ಹಳದಿ ಪುಡಿಯನ್ನು ಬೇರ್ಪಡಿಸಿದ್ದರು. ಬಿಳಿ ಇಲಿಯ ಹಿಂಗಾಲಿಗೆ ಊತ ಬರಿಸುವ ಚುಚ್ಚುಮದ್ದು ಕೊಟ್ಟು, ಆಮೇಲೆ ಈ ಪುಡಿ ಕಲಸಿದ ದ್ರವ ಕುಡಿಸಿದರೆ ಊತ ಅರ್ಧಕ್ಕರ್ಧ ಇಳಿಯುತ್ತಿತ್ತು. ಬರೀ ನೀರು ಕುಡಿಸಿದ ಇಲಿಗಳ ಕಾಲು ಮಾತ್ರ ಉಬ್ಬಿಕೊಂಡೇ ಇರುತ್ತಿತ್ತು. ಒಂದಲ್ಲ ಎರಡಲ್ಲ, ಆರು ವರ್ಷ ಇದೇ ಫಲಿತಾಂಶ. ಲೇಖನ ದೊಡ್ಡ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಔಷಧಿ ಕಂಪನಿಯವರು ಬಂದು ಇಲಿ ಮನೆಯನ್ನು ಇಣುಕಿ ನೋಡಿ ಹೋಗಿದ್ದರು. ಸಂಸ್ಥೆಯ ನಿರ್ದೇಶಕರಂತೂ ಅತಿಥಿಗಳು ಯಾರೇ ಬಂದರೂ ಕಾಂಪೌಂಡಿಗೆ ಕರೆದುಕೊಂಡು ಹೋಗಿ, "ಇದೇ ನೋಡಿ ನಮ್ಮ ಬಳ್ಳಿ," ಎಂದು ತೋರಿಸುತ್ತಿದ್ದರು.

"ನೀವಿಲ್ದಾಗ ಹೊಸ ಇಲಿಗಳಿಗೆ ನಾನೇ ಪುಡಿ ಕೊಟ್ಟೆ," ಯಾಕಮ್ಮ ಹೇಳಿದಳು. "ಊತ ಇಳೀಲಿಲ್ಲ."

"ಎಷ್ಟು ಇಳೀಲಿಲ್ಲ?"

"ಸ್ವಲ್ಪಾನೂ ಇಳೀಲಿಲ್ಲ ಸಾರ್. ನೀರು ಕುಡಿದ ಇಲಿಗೂ ಪುಡಿ ಕುಡಿದ ಇಲಿಗೂ ವ್ಯತ್ಯಾಸಾನೇ ಇಲ್ಲ."

ಸಾರ್ ಕಪ್ಪು ಕನ್ನಡಕ ತೆಗೆದರು. ತೆಗೆಯಬಾರದು ಎಂದು ಕಣ್ಣಿನ ಡಾಕ್ಟರು ಹೇಳಿದ್ದು ಮರೆತೇಹೋಗಿತ್ತು. ಕಂಪ್ಯೂಟರ್ ಪರದೆಯ ಮೇಲೆ ಎರಡು ಗುಂಪಿನ ಊತದ ಗೆರೆಗಳು ಜೋಡಿ ಎತ್ತುಗಳ ಹಾಗೆ ಒಂದರ ಪಕ್ಕ ಒಂದು ಸಾಗುತ್ತಿದ್ದವು. ಇಷ್ಟು ವರ್ಷ ಆ ಗೆರೆಗಳು ಒಂದಕ್ಕೊಂದು ಬೆನ್ನು ತಿರುಗಿಸಿಕೊಂಡು ಹೋಗಿದ್ದನ್ನು ಮಾತ್ರ ಅವರು ನೋಡಿದ್ದರು.

ಅವರು ಎಂದೂ ದನಿ ಎತ್ತಿದವರಲ್ಲ. ಆಗಲೂ ಎತ್ತಲಿಲ್ಲ. ಮೆತ್ತಗೆ, "ಪುಡಿ ಸರಿಯಾಗಿ ಕರಗಿರ್ಲಿಲ್ಲ ಅನ್ಸುತ್ತೆ ಕಣಮ್ಮ. ನಿನ್ನ ಕೈಗೆ ಅದು ಹೊಸದು," ಎಂದರು.

"ಕರಗಿತ್ತು ಸಾರ್. ನೀವು ಹೇಳಿದ ಹಾಗೇ ಮಾಡಿದೀನಿ."

"ಹಾಗಾದ್ರೆ ಪುಡಿ ಹಳೇದಾಗಿರ್ಬೇಕು."

"ಹೊಸ ಡಬ್ಬಿ ಸಾರ್. ನೀವೇ ಮಾಡಿಟ್ಟು ಹೋಗಿದ್ದು."

ಸಾರ್ ಮನಸ್ಸಿನೊಳಗೆ ತೀರ್ಮಾನ ಆಗಿಹೋಗಿತ್ತು. ಹುಡುಗಿ ಎಲ್ಲೋ ಎಡವಿದ್ದಾಳೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ತಾನು ಊರಲ್ಲಿ ಇಲ್ಲದ ಹೊತ್ತು ನೋಡಿ ಮಡಕೆ ಒಡೆದಿದ್ದಾಳೆ ಎಂದು ಅವರಿಗೆ ಒಳಗೊಳಗೇ ಉರಿಯಿತು.

ಪ್ರಯೋಗವನ್ನು ತಾವೇ ಮತ್ತೆ ಮಾಡಿದರು. ಗುಂಪುಗಳು ಅದಲುಬದಲಾಗದಿರಲಿ ಎಂದು ಇಲಿ ಮನೆಯಲ್ಲಿ ಮೊದಲಿನಿಂದಲೂ ಎರಡು ಕೋಣೆ. ಒಂದರಲ್ಲಿ ಪುಡಿ ಕುಡಿಯುವ ಇಲಿಗಳು. ಅದು ಸಾರ್ ಕೋಣೆ. ಪುಡಿಯ ಅಳತೆಯನ್ನು ಅವರು ಬೇರೆಯವರ ಕೈಗೆ ಬಿಟ್ಟವರೇ ಅಲ್ಲ. ಇನ್ನೊಂದರಲ್ಲಿ ನೀರು ಕುಡಿಯುವ ಇಲಿಗಳು. ಅದು ಯಾಕಮ್ಮನದು, ಅವಳಿಗಿಂತ ಮುಂಚೆ ಬೇರೆ ಒಬ್ಬ ಹೆಂಗಸಿನದು. ಕಾಲಿನ ಊತ ಅಳೆಯುವವರು ಬೇರೆಯೇ. ಯಾವ ಇಲಿ ಏನು ಕುಡಿದಿದೆ ಎಂದು ಅವರಿಗೆ ಗೊತ್ತಿರುತ್ತಿರಲಿಲ್ಲ. ಅಲ್ಲಿ ಮೋಸಕ್ಕೆ ಜಾಗವೇ ಇರಲಿಲ್ಲ.

ಸಾರ್ ತಮ್ಮ ಕೋಟನ್ನು ಎಂದಿನಂತೆ ಕೋಣೆಯ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ, "ಏನ್ರೋ ಮಕ್ಕಳಾ, ನಾನಿಲ್ದೆ ಬೇಜಾರಾಯ್ತಾ?" ಎಂದು ಮಾತಾಡಿಸುತ್ತಾ ಕೆಲಸ ಶುರು ಮಾಡಿದರು. ಇಲಿಗಳು ಗಲಾಟೆ ಮಾಡದೆ ಮೂಲೆಯಲ್ಲಿ ಕೂತವು. ಕೈಗೆತ್ತಿಕೊಂಡರೆ ಕೊಸರಾಡಲಿಲ್ಲ. ತಮ್ಮನ್ನು ಕಂಡರೆ ಅವಕ್ಕೆ ಎಷ್ಟು ಸಮಾಧಾನ ಎಂದು ಸಾರ್‌ಗೆ ಯಾವಾಗಲೂ ಒಂದು ಹೆಮ್ಮೆ.

ಊತ ಇಳಿಯಿತು. ಅರ್ಧಕ್ಕರ್ಧ.

"ನೋಡಿದ್ಯಾ?" ಸಾರ್ ಮುಖದಲ್ಲಿ ಹಾಲು ಕುಡಿದಷ್ಟು ಸಂತೋಷ.

ಯಾಕಮ್ಮ ಗೆರೆಗಳನ್ನು ನೋಡುತ್ತಲೇ ಇದ್ದಳು. ಕೊನೆಗೆ, "ಯಾಕೆ?" ಎಂದಳು.

"ಯಾಕೆ ಅಂದ್ರೇನು? ಪುಡಿ ಕೆಲಸ ಮಾಡುತ್ತೆ, ಅದಕ್ಕೆ!"

"ನಾನು ಕೊಟ್ರೆ ಯಾಕೆ ಮಾಡಲ್ಲ? ಸಾರ್, ಇನ್ನೊಂದೇ ಒಂದು ಸಲ ಮಾಡೋಣ. ಎರಡು ಬಾಟ್ಲಿ ನಾನು ತುಂಬಿಸ್ತೀನಿ. ಎರಡಕ್ಕೂ ಒಂದೇ ಬಣ್ಣ, ಒಂದೇ ಕಹಿ. ಒಂದು ನಿಮ್ಮ ಕೋಣೆಗೆ, ಒಂದು ನನ್ನ ಕೋಣೆಗೆ. ಯಾವುದ್ರಲ್ಲಿ ಏನಿದೆ ಅಂತ ಕೇಳ್ಬೇಡಿ."

ಸಾರ್ ಒಪ್ಪಿದರು. ಬೇಡ ಎಂದರೆ ಹೆದರಿದ ಹಾಗೆ ಕಾಣುತ್ತದಲ್ಲ ಎಂದೂ ಒಪ್ಪಿದರು.

ಫಲಿತಾಂಶ ಬಂದಾಗ ಅವರ ಕೋಣೆಯ ಇಲಿಗಳ ಊತ ಇಳಿದಿತ್ತು, ಯಾಕಮ್ಮನ ಕೋಣೆಯವುಗಳದು ಇಳಿದಿರಲಿಲ್ಲ. ಸಾರ್ ನಕ್ಕರು. "ಸರಿ ಹೋಯ್ತು. ಪುಡಿ ನನ್ನ ಬಾಟ್ಲಿಲಿತ್ತು ಅಂತಾಯ್ತು. ಇನ್ನಾದ್ರೂ ನಂಬ್ತೀಯಾ?"

ಯಾಕಮ್ಮನ ಮುಖ ಬಿಳಿಚಿಕೊಂಡಿತ್ತು. ಗೆದ್ದವರ ಮುಖ ಹಾಗಿರುವುದಿಲ್ಲ.

"ಸಾರ್, ನಿಮ್ಮ ಬಾಟ್ಲಿಲಿ ಇದ್ದಿದ್ದು ನೀರು."

"ಏನು?"

"ನೀರು ಸಾರ್. ಬಣ್ಣ ಹಾಕಿದ ಕಹಿ ನೀರು. ಪುಡಿ ನನ್ನ ಬಾಟ್ಲಿಲಿತ್ತು."

ಸ್ಟೂಲ್ ಹಿಂದೆ ಎಲ್ಲೋ ಇತ್ತು. ಸಾರ್ ಕೈಯಲ್ಲಿ ತಡಕಿ ಹುಡುಕಿ ಅದರ ಮೇಲೆ ಕುಸಿದರು. ಮೇಜಿನ ಮೇಲಿದ್ದ ತಮ್ಮ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು, ಮೂಸಿದರು, ಕೊನೆಗೆ ಒಂದು ಹನಿ ನಾಲಿಗೆಗೆ ಹಾಕಿಕೊಂಡರು. ಅದರಿಂದ ಏನೂ ತಿಳಿಯುವ ಹಾಗಿರಲಿಲ್ಲ. ಆದರೂ ಗರ ಬಡಿದವರ ಹಾಗೆ ಮೂಸುತ್ತಲೇ ಇದ್ದರು.

"ನೀರಿಗೆ ಊತ ಇಳೀತಾ?" ಎಂದರು ಕಡೆಗೆ. ಯಾರನ್ನು ಕೇಳುತ್ತಿದ್ದಾರೆ ಎಂದು ಅವರಿಗೇ ಗೊತ್ತಿರಲಿಲ್ಲ.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ತಮ್ಮ ಕೈಯಲ್ಲಿ ಇಷ್ಟು ವರ್ಷದ ಎಲೆಯ ರಸ ಇಂಗಿಹೋಗಿರಬೇಕು, ಅದು ಇಲಿಗಳಿಗೆ ಸೋಕಿರಬೇಕು ಎಂದು ಸಾರ್ ಹಿಡಿದುಕೊಂಡರು. ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆದುಕೊಂಡು, ಜೋಡಿ ಕೈಗವಸು ಹಾಕಿಕೊಂಡು ಮತ್ತೆ ನೀರು ಕುಡಿಸಿದರು. ಮತ್ತೆ ಊತ ಇಳಿಯಿತು. ಇಲಿಗಳನ್ನು ಮುಟ್ಟದೆ, ಯಾಕಮ್ಮನಿಂದ ಕುಡಿಸಿ, ತಾವು ಬರೀ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಆಗಲೂ ಇಳಿಯಿತು! ಸಾರ್‌ಗೆ ಈಗ ನಿಜವಾಗಿ ಭಯವಾಯಿತು. ಇದೇನು, ತನ್ನ ಮೈಯಲ್ಲಿ ಏನಾದರೂ ಸೇರಿಕೊಂಡಿದೆಯೇ?

ಯಾಕಮ್ಮ ಅಷ್ಟರಲ್ಲಿ ಒಂದು ಕೆಲಸ ಮಾಡಿದ್ದಳು. ಸಾರ್ ಕೋಣೆಯ ಗೂಡುಗಳ ಎದುರು ಒಂದು ಕ್ಯಾಮೆರಾ ಇಟ್ಟು, ಅವರು ಬರುವ ಮುಂಚಿನಿಂದ ಹೋಗುವವರೆಗೂ ಚಿತ್ರ ಹಿಡಿದಿದ್ದಳು.

"ಇದನ್ನ ನೋಡಿ ಸಾರ್. ಆದ್ರೆ ಬೇಜಾರ್ ಮಾಡ್ಕೋಬೇಡಿ."

ಚಿತ್ರದಲ್ಲಿ ಇಲಿಗಳ ಸಂತೆ. ಒಂದು ಹೊಟ್ಟು ಕೆದರುತ್ತಿತ್ತು, ಒಂದು ಹಿಂಗಾಲ ಮೇಲೆ ನಿಂತು ಸರಳು ಕಡಿಯುತ್ತಿತ್ತು, ಎರಡು ಒಂದರ ಮೇಲೊಂದು ಬಿದ್ದು ಉರುಳಾಡುತ್ತಿದ್ದವು. ಸಾರ್‌ಗೆ ಆಶ್ಚರ್ಯ. ಇವು ಇಷ್ಟು ಗಲಾಟೆ ಮಾಡುತ್ತವೆಯೇ? ಅವರು ಒಮ್ಮೆಯೂ ಇದನ್ನು ಕಂಡಿರಲಿಲ್ಲ. ಅಷ್ಟರಲ್ಲಿ ಚಿತ್ರದ ಅಂಚಿನಲ್ಲಿ ಬಾಗಿಲು ತೆರೆಯಿತು. ಎಲ್ಲ ಇಲಿಗಳೂ ಒಂದೇ ಸಲಕ್ಕೆ ನಿಂತವು. ಮೂಗು ಮೇಲೆತ್ತಿದವು. ಮರುಕ್ಷಣ ಎಲ್ಲವೂ ಮೂಲೆ ಸೇರಿ ಒಂದರ ಕೆಳಗೆ ಒಂದು ನುಗ್ಗಿ, ಒಂದೇ ಬಿಳಿ ಉಂಡೆಯಾಗಿಬಿಟ್ಟವು. ಆ ಉಂಡೆ ನಡುಗುತ್ತಿತ್ತು. ತಮ್ಮದೇ ದನಿ ಕೇಳಿಸಿತು: 'ಏನ್ರೋ ಮಕ್ಕಳಾ.'

"ಅವು ನನ್ನ ನೋಡಿದ್ರೆ ಸಮಾಧಾನವಾಗಿ ಕೂರ್ತವೆ ಅಂತ..." ಸಾರ್ ಮಾತು ಅಲ್ಲಿಗೇ ನಿಂತಿತು.

"ಅದು ಸಮಾಧಾನ ಅಲ್ಲ ಸಾರ್. ಹೆದರಿಕೆ."

ಒಂದು ಕೆನ್ನೆಗೆ ಬಾರಿಸಿದ್ದರೂ ಸಾರ್‌ಗೆ ಅಷ್ಟು ಪೆಟ್ಟಾಗುತ್ತಿರಲಿಲ್ಲ. ಅವರು ಇಲಿ ಬಿಡಿ, ಇರುವೆಯನ್ನೂ ದಾಟಿ ನಡೆಯುವ ಮನುಷ್ಯ. ಚಳಿ ಬಂದರೆ ಗೂಡುಗಳಿಗೆ ಹೆಚ್ಚು ಹೊಟ್ಟು ಹಾಕಿಸಿದ್ದರು. ಪ್ರಯೋಗದ ಕೊನೆಯಲ್ಲಿ ಅವುಗಳ ಜೀವ ತೆಗೆಯುವ ದಿನ ಊಟ ಬಿಡುತ್ತಿದ್ದರು. ಚಿತ್ರವನ್ನು ಮತ್ತೆ ಮೊದಲಿನಿಂದ ಹಾಕಿಸಿಕೊಂಡು ನೋಡಿದರು. ಬಾಗಿಲು ತೆರೆಯುವ ಜಾಗ ಬಂದಾಗ ತಮಗರಿವಿಲ್ಲದೆ ಕಣ್ಣು ಮುಚ್ಚಿಕೊಂಡರು.

ರಕ್ತ ಪರೀಕ್ಷೆಯೂ ಅದನ್ನೇ ಹೇಳಿತು. ಸಾರ್ ಕೋಣೆಯ ಇಲಿಗಳ ರಕ್ತದಲ್ಲಿ ಭಯವಾದಾಗ ಮೈ ತಾನೇ ಸುರಿಸುವ ರಸ ತುಂಬಿ ತುಳುಕುತ್ತಿತ್ತು. ಜೀವ ಉಳಿದರೆ ಸಾಕು ಎನ್ನುವ ಹೊತ್ತಿನಲ್ಲಿ ಮೈ ಊತ ಗೀತ ಎಲ್ಲವನ್ನೂ ಬದಿಗೊತ್ತುತ್ತದೆ. ಇಷ್ಟು ವರ್ಷ ಊತ ಇಳಿದದ್ದು ಪುಡಿಯಿಂದಲ್ಲ, ಆ ರಸದಿಂದ.

"ಒಂದು ಅನುಮಾನ ಇದೆ ಸಾರ್," ಎಂದು ಯಾಕಮ್ಮ ಡ್ರೈವರನ ಬೆವರಿನ ಅಂಗಿಯೊಂದನ್ನು ಕೇಳಿ ತಂದಳು. ಒಗೆದು ಕೊಡ್ತೀನಿ ಮೇಡಂ ಎಂದು ಅವನು, ಒಗೀಬೇಡ ಹಾಗೇ ಕೊಡು ಎಂದು ಇವಳು, ಕಾರಿನ ಪಕ್ಕ ದೊಡ್ಡ ಚರ್ಚೆಯೇ ಆಯಿತಂತೆ. ಆ ಅಂಗಿಯನ್ನು ಅವಳ ಕೋಣೆಯ ಮೊಳೆಗೆ ಹಾಕಿದರು. ಇಲಿಗಳು ಮೂಲೆ ಸೇರಿದವು. ಊತ ಇಳಿಯಿತು. ಇಲಿ ಮನೆಯ ಹೆಂಗಸೊಬ್ಬಳ ಅಂಗಿ ಹಾಕಿದರು. ಇಲಿಗಳು ಅದರ ಕೆಳಗೇ ಆಡಿಕೊಂಡಿದ್ದವು.

"ನೀವು ಅಂತಲ್ಲ ಸಾರ್. ಗಂಡಸಿನ ವಾಸನೆ. ಯಾವ ಗಂಡಸಾದ್ರೂ ಅಷ್ಟೇ. ಆ ಮಹಡಿಲಿ ಗುಡಿಸೋರು, ಅಳೆಯೋರು ಎಲ್ಲಾ ಹೆಂಗಸ್ರೇ. ನೀವೊಬ್ರೇ ಗಂಡಸು. ನಿಮ್ಮ ಕೋಟು ಬೇರೆ ದಿನಾ ಅಲ್ಲೇ ನೇತಾಡ್ತಿತ್ತು," ಎಂದಳು. ಅವರನ್ನು ಸ್ವಲ್ಪ ನಗಿಸೋಣವೆಂದು ಸೇರಿಸಿದಳು: "ಬೆಟ್ಟ ಅಗೆದು ಇಲಿ ಹಿಡಿಯೋದು ಕೇಳಿದ್ದೆ. ನಾವು ಇಲಿ ಹಿಡಿದು ಬೆಟ್ಟ ಕಟ್ಟಿದ್ವಿ ಸಾರ್."

ಸಾರ್ ನಗಲಿಲ್ಲ. ಅವರಿಗೆ ಆ ಮಾತು ಕೇಳಿಸಿಯೂ ಇರಲಿಲ್ಲ. ತಟ್ಟನೆ ಒಂದು ಯೋಚನೆ ಹೊಳೆದು ಎದ್ದು ನಿಂತಿದ್ದರು.

"ಅಕ್ಕ!" ಎಂದರು. "ನಮ್ಮಕ್ಕ ಇಲಿ ಅಲ್ವಲ್ಲ! ಅವಳಿಗೆ ಕಡಿಮೆ ಆಗಿದ್ಯಲ್ಲ!"

ಅಕ್ಕ ಎಂದರೆ ಸಾರ್‌ಗೆ ಅಮ್ಮನ ಸಮಾನ. ಅಮ್ಮ ಬೇಗ ಹೋದ ಮೇಲೆ ಇವರನ್ನು ಸ್ಕೂಲಿಗೆ ತಲೆ ಬಾಚಿ ಕಳಿಸಿದವಳು. ಊರಿನ ಆ ತುದಿಯಲ್ಲಿ ಅವಳದೊಂದು ಕೂದಲು ಕತ್ತರಿಸುವ ಅಂಗಡಿ. ಎರಡು ಕುರ್ಚಿ, ಒಂದು ಉದ್ದ ಕನ್ನಡಿ. ಬಸ್ ಓಡಿಸಿ ನಿವೃತ್ತರಾದ ಭಾವ ಅಂಗಡಿ ಗುಡಿಸಿಕೊಂಡು, ಬಂದವರನ್ನು ಮಾತಾಡಿಸಿಕೊಂಡು ಇರುತ್ತಿದ್ದರು. ಅಕ್ಕನಿಗೆ ಗಂಟುವಾತ. ಬೆರಳ ಗೆಣ್ಣುಗಳು ಊದಿ ಕೆಂಪಾಗಿ, ಬೆಳಿಗ್ಗೆ ಎದ್ದರೆ ಮುಷ್ಟಿ ಬಿಚ್ಚುತ್ತಿರಲಿಲ್ಲ. ಲೇಖನ ಅಚ್ಚಾದ ಮೇಲೆ ಸಾರ್ ಮನೆಯಲ್ಲೇ ಗೋಡೆಬಳ್ಳಿ ಎಲೆ ಕುದಿಸಿ ಕಷಾಯ ಮಾಡಿ ಪ್ರತಿ ಭಾನುವಾರ ಅವಳಿಗೆ ಒಯ್ದು ಕೊಡುತ್ತಿದ್ದರು. ಎಲೆಯಲ್ಲಿ ವಿಷವಿಲ್ಲ ಎಂಬುದು ಅವರಿಗೆ ಖಾತ್ರಿಯಿತ್ತು. ಅಕ್ಕ ಮೂಗು ಹಿಡಿದು ಕುಡಿದು, "ಆಹಾ, ಏನು ಮಾಯೆಯೋ ಪುಟ್ಟ, ಬೆರಳು ಹೂವಾದ ಹಾಗಾಗಿದೆ," ಎನ್ನುತ್ತಿದ್ದಳು. ಆ ಮಾತನ್ನು ಸಾರ್ ಔಷಧಿ ಕಂಪನಿಯವರ ಮುಂದೆಯೂ ಹೇಳಿದ್ದರು.

ಮಧ್ಯಾಹ್ನವೇ ಹೊರಟರು. ಬಸ್ಸಿನಲ್ಲಿ ಕೂತವರಿಗೆ ಮನಸ್ಸು ಕುಣಿಯುತ್ತಿತ್ತು. ಎಲೆಯಲ್ಲಿ ಏನೋ ಇದೆ. ಇಲಿಯ ಮೈಗೆ ಹಿಡಿಸದಿರಬಹುದು, ಮನುಷ್ಯರಿಗೆ ಹಿಡಿಸಿದೆ. ಎಷ್ಟು ಔಷಧಿಗಳು ಮರದ ತೊಗಟೆಯಿಂದ, ಗಿಡದ ಗೆಡ್ಡೆಯಿಂದ ಬಂದಿಲ್ಲ? ಪ್ರಯೋಗವನ್ನು ಮನುಷ್ಯರಿಂದಲೇ ಮತ್ತೆ ಶುರು ಮಾಡಿದರಾಯಿತು.

ಅಂಗಡಿಯ ಗಾಜಿನ ಬಾಗಿಲಿನ ಹತ್ತಿರ ಬಂದವರು ಒಳಗೆ ಹೋಗದೆ ನಿಂತುಬಿಟ್ಟರು.

ಕುರ್ಚಿಯಲ್ಲಿ ಒಬ್ಬ ಹೆಂಗಸು ಕೊರಳಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಕೂತಿದ್ದಳು. ಕೂದಲು ಒಂದು ಕಡೆ ಕತ್ತರಿಸಿತ್ತು, ಇನ್ನೊಂದು ಕಡೆ ಉದ್ದವಾಗಿತ್ತು. ಅಕ್ಕನ ಕತ್ತರಿ ನೆಲದ ಮೇಲೆ ಬಿದ್ದಿತ್ತು. ಭಾವ ಬಗ್ಗಿ ಅದನ್ನು ಎತ್ತಿ, ಅಕ್ಕನ ಹೆಬ್ಬೆರಳನ್ನು ಹಿಡಿದು ಕತ್ತರಿಯ ಉಂಗುರದೊಳಗೆ ತೂರಿಸುತ್ತಿದ್ದರು. ಉಂಗುರಕ್ಕೆ ಬಟ್ಟೆ ಸುತ್ತಿತ್ತು. ಅಕ್ಕ ಹಲ್ಲು ಕಚ್ಚಿ ಕಣ್ಣು ಮುಚ್ಚಿಕೊಂಡಿದ್ದಳು. ಮುಖದಲ್ಲಿ ಬೆವರು. ಅವಳ ಗೆಣ್ಣುಗಳು ಸಾರ್ ಭಾನುವಾರಗಳಂದು ನೋಡಿದ ಗೆಣ್ಣುಗಳಾಗಿರಲಿಲ್ಲ. ಎರಡು ಬೆರಳು ಪಕ್ಕಕ್ಕೆ ವಾಲಿದ್ದವು.

ಅಕ್ಕ ಕಣ್ಣು ಬಿಟ್ಟಾಗ ಕನ್ನಡಿಯಲ್ಲಿ ತಮ್ಮ ಕಂಡ. ಒಂದು ಕ್ಷಣ ಅಷ್ಟೇ. ಆ ಬೆವರು, ಆ ಕಚ್ಚಿದ ಹಲ್ಲು ಎಲ್ಲ ಮಾಯವಾಗಿ ಮುಖದ ತುಂಬ ನಗು ಬಂತು. ನೋವು ತುಂಬಿದ ಮುಖಕ್ಕಿಂತ ಆ ನಗುವಿಗೇ ಹೆಚ್ಚು ಹೆದರಿ ಸಾರ್ ಬಾಗಿಲು ತಳ್ಳಿ ಒಳಗೆ ಬಂದರು.

"ಅರೆ ಪುಟ್ಟ! ಇವತ್ತು ಭಾನುವಾರ ಅಲ್ವಲ್ಲೋ! ಕಣ್ಣು ಹೇಗಿದೆ?"

"ಕೈ ತೋರ್ಸಕ್ಕ."

"ಕೈಗೇನಾಗಿದೆ, ಚೆನ್ನಾಗಿದೆ. ನಿನ್ನ ಕಷಾಯ..."

"ಅಕ್ಕ. ಕೈ ತೋರ್ಸು."

ಅಕ್ಕ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಭಾವ ಕತ್ತರಿಯನ್ನು ಕನ್ನಡಿಯ ಮುಂದಿನ ಹಲಗೆಯ ಮೇಲೆ ಟಕ್ ಎಂದು ಇಟ್ಟರು. "ಇನ್ನು ಸಾಕು ಕಣೇ. ಹೇಳ್ಬಿಡು. ನೀನು ಹೇಳ್ದಿದ್ರೆ ನಾನು ಹೇಳ್ತೀನಿ."

"ನೀವು ಸುಮ್ನಿರಿ."

"ಸುಮ್ನಿದ್ದು ಸುಮ್ನಿದ್ದೇ ಈ ಗತಿ ಬಂದಿರೋದು!" ಭಾವ ಸಾರ್ ಕಡೆ ತಿರುಗಿದರು. "ನಿಮ್ಮಕ್ಕಂಗೆ ಬೆಳಿಗ್ಗೆ ಹಲ್ಲುಜ್ಜೋಕೂ ಆಗಲ್ಲ ಕಣಯ್ಯ. ಬ್ರಷ್ ಹಿಡಿಯೋನು ನಾನು."

"ಹಾಗಾದ್ರೆ ಭಾನುವಾರ?" ಸಾರ್ ದನಿ ಅವರಿಗೇ ಅಪರಿಚಿತವಾಗಿತ್ತು. "ಭಾನುವಾರ ಊತ ಇರ್ತಿರ್ಲಿಲ್ಲ, ನಾನೇ ನೋಡಿದೀನಿ..."

ಅಕ್ಕ ನೆಲ ನೋಡಿದಳು. "ನೀನು ಬರೋಕೆ ಮುಂಚೆ ನೋವಿನ ಮಾತ್ರೆ ನುಂಗಿ ತಣ್ಣೀರಲ್ಲಿ ಕೈ ಇಟ್ಕೊಂಡು ಕೂತಿರ್ತಿದ್ದೆ. ಸ್ವಲ್ಪ ಹೊತ್ತು ಕಡಿಮೆ ಕಾಣ್ಸೋದು. ಆಮೇಲೆ ಕೈ ಮಡ್ಲಲ್ಲೇ ಇಟ್ಕೊಂಡಿರ್ತಿದ್ದೆ, ನೀನು ಗಮನಿಸ್ಲಿಲ್ಲ."

"ಯಾಕಕ್ಕ?" ಯಾಕಮ್ಮನ ಮಾತು ಅವರ ಬಾಯಿಂದಲೇ ಹೊರಟಿತ್ತು.

"ಯಾಕೆ ಅಂದ್ರೆ ಏನ್ ಹೇಳ್ಲಿ? ಮೊದಲ ಸಲ ಬಾಟ್ಲಿ ಹಿಡ್ಕೊಂಡು ಬಂದಾಗ ನಿನ್ನ ಮುಖ ನೋಡ್ಬೇಕಿತ್ತು. ಚಿಕ್ಕವನಿದ್ದಾಗ ಚಿತ್ರ ಬರ್ಕೊಂಡು ಬಂದು ಅಕ್ಕ ನೋಡು ಅಂತಿದ್ದೆ, ಅದೇ ಮುಖ. ಆಗಿಲ್ಲ ಅಂತ ಹೇಳೋಕೆ ಬಾಯಿ ಬರ್ಲಿಲ್ಲ. ಒಂದ್ ಸಲ ಸುಳ್ಳು ಹೇಳಿದ್ಮೇಲೆ ಮುಂದಿನ ವಾರ ನಿಜ ಹೇಳೋದು ಹೇಗೋ?"

ಕುರ್ಚಿಯಲ್ಲಿದ್ದ ಹೆಂಗಸು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕಣ್ಣು ಹೊರಳಿಸುತ್ತಾ ಇದ್ದಳು. ಮೆಲ್ಲಗೆ, "ಇನ್ನೊಂದು ಕಡೆಗೆ ನಾಳೆ ಬರ್ಲಾ?" ಎಂದಳು. ಅವಳೇ ಬಟ್ಟೆ ಬಿಚ್ಚಿ ಮಡಿಸಿಟ್ಟು, ತಲೆಗೆ ಸ್ಕಾರ್ಫ್ ಬಿಗಿದುಕೊಂಡು ಹೋದಳು.

"ಡಾಕ್ಟರು ವಾತಕ್ಕೆ ಕೊಟ್ಟಿದ್ದ ಮಾತ್ರೆ ತಗೊಳ್ತಿದೀಯಲ್ಲ?" ಸಾರ್ ಕೇಳಿದರು. ಅದೊಂದು ಧೈರ್ಯ ಉಳಿದಿತ್ತು.

ಭಾವ ಮುಖ ಆ ಕಡೆ ತಿರುಗಿಸಿಕೊಂಡರು.

"ತಗೊಳ್ತಿಲ್ವಾ?"

"ನೀನೇ ಒಂದ್ಸಲ ಅಂದಿದ್ಯಲ್ಲೋ," ಅಕ್ಕ ತಪ್ಪು ತನ್ನದೇ ಎಂಬ ಹಾಗೆ ಹೇಳಿದಳು. "ಎರಡೂ ಒಟ್ಟಿಗೆ ತಗೊಂಡ್ರೆ ಗುಣ ಯಾವುದ್ರಿಂದ ಬಂತು ಅಂತ ಗೊತ್ತಾಗಲ್ಲ ಅಂತ. ಅದಕ್ಕೆ ಆ ಮಾತ್ರೆ ಬಿಟ್ಟೆ. ನಿನ್ನ ಕಷಾಯದ ಗೌರವ ಉಳೀಲಿ ಅಂತ."

ಅಂದಿದ್ದೆನೇ? ಸಾರ್ ನೆನಪಿಸಿಕೊಳ್ಳಲು ನೋಡಿದರು. ಅಂದಿರಬಹುದು. ಪ್ರಯೋಗಾಲಯದಲ್ಲಿ ದಿನಾ ಆಡುವ ಮಾತದು. ಊಟದ ಮೇಜಿನ ಮೇಲೆ, ಯಾರ ಮುಖವನ್ನೂ ನೋಡದೆ ಆಡಿರಬಹುದು. ಖಾಲಿಯಾದ ಆ ಕುರ್ಚಿಯ ತೋಳು ಹಿಡಿದು ನಿಂತರು. ಕುರ್ಚಿ ಗರಗರ ತಿರುಗಿತು. ಭಾವ ಬಂದು ಹಿಡಿದುಕೊಂಡರು.

ಮರುದಿನ ಮೂವರೂ ಕೀಲು ಡಾಕ್ಟರ ಹತ್ತಿರ ಹೋದರು. ಡಾಕ್ಟರಮ್ಮ ಎಕ್ಸ್-ರೇ ಹಾಳೆಯನ್ನು ದೀಪದ ಹಲಗೆಗೆ ಸಿಕ್ಕಿಸಿ ಪೆನ್ನಿನ ತುದಿಯಿಂದ ತೋರಿಸಿದರು. "ಎರಡು ಮೂಳೆ ಮಧ್ಯೆ ಇಲ್ಲೊಂದು ಕಪ್ಪು ಸಂದು ಇರಬೇಕು. ಇವರಿಗೆ ಇಲ್ಲ. ಮೂಳೆ ಮೂಳೆಗೇ ತಾಗ್ತಿದೆ. ಅಂಚು ನೋಡಿ, ಇಲಿ ಕಡಿದ ಹಾಗಾಗಿದೆ."

ಇಲಿ ಎಂಬ ಮಾತು ಕಿವಿಗೆ ಬಿದ್ದದ್ದೇ ಸಾರ್ ಬೆಚ್ಚಿ ಅರ್ಧ ಎದ್ದು ನಿಂತರು. ಡಾಕ್ಟರಮ್ಮನಿಗೆ ಏನೂ ಅರ್ಥವಾಗಲಿಲ್ಲ.

"ಆ ಮಾತ್ರೆ ನಿಲ್ಲಿಸಬಾರದಾಗಿತ್ತು," ಎಂದರು. "ಅದು ಬರೀ ನೋವಿಗಲ್ಲ, ಮೂಳೆ ಉಳಿಸೋಕೆ. ನಿಲ್ಲಿಸಿ ಅಂತ ಯಾರು ಹೇಳಿದ್ದು?"

"ಯಾರೂ ಇಲ್ಲ," ಅಕ್ಕ ಥಟ್ಟನೆ ಹೇಳಿದಳು. "ನಂದೇ ತಲೆ."

"ನಾನು," ಎಂದರು ಸಾರ್.

ಡಾಕ್ಟರಮ್ಮ ಇಬ್ಬರನ್ನೂ ನೋಡಿದರು. "ನೀವೇನು ಕೆಲಸ ಮಾಡೋದು?"

"ಊತ ಇಳಿಸೋ ಔಷಧಿ ಹುಡುಕ್ತೀನಿ," ಎಂದು ಹೇಳಿ ಸಾರ್ ದೀಪದ ಹಲಗೆಯ ಕಡೆ ಕಣ್ಣು ತಿರುಗಿಸಿದರು. ಡಾಕ್ಟರಮ್ಮ ಮುಂದೆ ಏನೂ ಕೇಳದೆ ಔಷಧಿ ಚೀಟಿ ಬರೆದರು. ಇನ್ನು ಹಾಳಾಗುವುದನ್ನು ತಡೆಯಬಹುದು, ಆದದ್ದನ್ನು ಹಿಂದಕ್ಕೆ ತರಲಾಗದು. ವಾಲಿದ ಎರಡು ಬೆರಳು ವಾಲಿದಂತೆಯೇ ಇರುತ್ತವೆ ಎಂದರು.

ಅಲ್ಲಿಂದ ಸಾರ್ ನೇರವಾಗಿ ನಿರ್ದೇಶಕರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದರು. ನಿರ್ದೇಶಕರು ಮೊದಲು ನಕ್ಕರು. ಆಮೇಲೆ ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು.

"ಗಂಡಸಿನ ವಾಸನೆಗೆ ಇಲಿ ಹೆದರಿದ್ವು ಅಂತ ಬರೆದು ಲೇಖನ ವಾಪಸ್ ತಗೊಳ್ತೀರಾ? ಜನ ಉಗೀತಾರೆ ರೀ! ಕಂಪನಿಯವರಿಗೆ ಏನ್ ಮುಖ ತೋರಿಸ್ಲಿ? ಸ್ವಲ್ಪ ದಿನ ಸುಮ್ನಿರಿ. ಬೇರೆಯವರೇ ಪ್ರಯೋಗ ಮಾಡಿ ನೋಡಿ, ಆಗ್ಲಿಲ್ಲ ಅಂತ ಕೈಬಿಡ್ತಾರೆ, ಯಾರಿಗೂ ನೆನಪೂ ಇರಲ್ಲ."

"ಆ ಲೇಖನ ನೋಡಿ ಇನ್ಯಾರಾದ್ರೂ ತಮ್ಮ ಅಕ್ಕಂಗೆ ಕುಡಿಸ್ತಿದ್ರೆ?" ಎಂದರು ಸಾರ್.

ಸಾರ್ ಲೇಖನವನ್ನು ಹಿಂದಕ್ಕೆ ಪಡೆದರು. ಕಂಪನಿಯವರು ಫೋನ್ ಎತ್ತುವುದನ್ನು ಬಿಟ್ಟರು. ಜನ ನಕ್ಕರು, ಒಂದು ಸಭೆಯಲ್ಲಂತೂ ಸಾರ್ ಒಳಗೆ ಬಂದಾಗ ಯಾರೋ ಹಿಂದಿನ ಸಾಲಿನಿಂದ ಇಲಿಯ ಹಾಗೆ ಚೀಂವ್ ಎಂದರು. ಆದರೆ ಬೇರೆ ಬೇರೆ ಪ್ರಯೋಗಾಲಯಗಳಿಂದ ಯಾಕಮ್ಮನಿಗೆ ಗುಟ್ಟಾಗಿ ಕರೆಗಳೂ ಬಂದವು: ನಿಮ್ಮಲ್ಲಿ ಕೋಟು ಎಲ್ಲಿ ನೇತುಹಾಕ್ತಿದ್ರಿ? ನಮ್ಮಲ್ಲೂ ಒಬ್ಬರೇ ಗಂಡಸರು, ಏನ್ ಮಾಡೋದು? ಇಬ್ಬರೂ ಸೇರಿ ನಡೆದದ್ದನ್ನು ನಡೆದ ಹಾಗೆ ಬರೆದರು. ಯಾಕಮ್ಮನ ಹೆಸರು ಮೊದಲು, ಸಾರ್ ಹೆಸರು ಆಮೇಲೆ. ಗೋಡೆಬಳ್ಳಿಯ ಪುಡಿಯನ್ನು ಎಲ್ಲ ಗೂಡುಗಳನ್ನೂ ಒಂದೇ ಕೋಣೆಯಲ್ಲಿಟ್ಟು, ಒಬ್ಬರ ಕೈಯಿಂದಲೇ ಕುಡಿಸಿ ಕೊನೆಯ ಸಲ ಪರೀಕ್ಷಿಸಿದರು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಅದು ಏನೋ ಅಷ್ಟಿಷ್ಟು ಮಾಡುತ್ತಿತ್ತು. ಮೈಯೊಳಗೆ ಹೋದರೆ ಏನೂ ಇಲ್ಲ.

ಅಕ್ಕನ ಊತ ಮಾತ್ರೆಯಿಂದ ನಿಧಾನವಾಗಿ ಇಳಿಯಿತು. ಬ್ರಷ್ ತಾನೇ ಹಿಡಿಯುವ ಹಾಗಾದಳು. ಕತ್ತರಿ ಮಾತ್ರ ಮತ್ತೆ ಅವಳ ಕೈಗೆ ಕೂರಲಿಲ್ಲ. ಅಂಗಡಿ ಮುಚ್ಚುವುದು ಬೇಡವೆಂದು ಭಾವ ಕತ್ತರಿ ಹಿಡಿದರು. ಮೊದಲ ಗಿರಾಕಿಯಾಗಿ ಸಾರ್ ಕೂತರು. ಅಕ್ಕ ಪಕ್ಕದ ಕುರ್ಚಿಯಲ್ಲಿ ಕೂತು, "ಅದು ಬಸ್ಸಿನ ಸ್ಟೀರಿಂಗ್ ಅಲ್ಲ ರೀ, ತಲೆ! ಮೆಲ್ಲಗೆ ತಿರುಗಿಸಿ!" ಎಂದು ಕೂಗುತ್ತಿದ್ದಳು.

ಭಾವ ಒಂದು ಕಿವಿಯ ಮೇಲೆ ಜಾಸ್ತಿ ಕತ್ತರಿಸಿಬಿಟ್ಟರು. ಆ ದಿನ ಸಾರ್ ಕೈಯಲ್ಲಿ ಕಷಾಯದ ಬಾಟಲಿ ಇರಲಿಲ್ಲ. ಕನ್ನಡಿಯಲ್ಲಿ ಅಕ್ಕನನ್ನೇ ನೋಡುತ್ತಿದ್ದರು. ಕೊನೆಗೆ ಕೇಳಿದರು, "ನೋವಿದ್ಯಾ ಅಕ್ಕ?"

"ಇದೆ ಕಣೋ," ಎಂದಳು ಅಕ್ಕ. "ಇವ್ರ ಕೈ ನೋಡಿ ನೋಡಿ ಇನ್ನೂ ಜಾಸ್ತಿ ಆಗ್ತಿದೆ."

ಭಾವ ಜೋರಾಗಿ ನಕ್ಕರು. ಸಾರ್‌ಗೆ ನಗು ಬರಲಿಲ್ಲ. ಅಕ್ಕ ಮೊದಲ ಸಲ ಮುಚ್ಚಿಡದೆ ಆಡಿದ 'ಇದೆ' ಎಂಬ ಆ ಒಂದು ಮಾತನ್ನು ಕೇಳಿ, ಕತ್ತಿಗೆ ಬಿಗಿದ ಬಟ್ಟೆಯೊಳಗೆ ಅಲುಗಾಡದೆ ಕೂತರು.